ಬೆಳಗಿನ ತಪ್ಪಿಗೆ ಸಂಜೆಯ ಶಿಕ್ಷೆ

"ಇವತ್ತು ಒಂದು ಮಗುವಿನ ಕೈ ಕಚ್ಚಿದಳು ಸರ್. ಹಲ್ಲಿನ ಗುರುತು ಮೂಡಿತ್ತು, ಚರ್ಮ ಒಡೆದಿಲ್ಲ" ಎಂದು ಡೇ ಕೇರ್‌ನ ಅಕ್ಕ ಮೆಲುದನಿಯಲ್ಲಿ ಹೇಳಿದಾಗ ಸಂಜೆ ಆರು ಗಂಟೆ. ನನ್ನ ಹಿಂದೆ ಇನ್ನೂ ಮೂವರು ಪೋಷಕರು ನಿಂತಿದ್ದರು. ಎರಡೂವರೆ ವರ್ಷದ ಮಗಳು ನನ್ನ ಕಾಲನ್ನು ತಬ್ಬಿಕೊಂಡು, ಬೆಳಗಿನಿಂದ ಕೂಡಿಟ್ಟ ಸುದ್ದಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳಲು ಹೊರಟಿದ್ದಳು. ನನಗೆ ಒಂದೂ ಕೇಳಿಸಲಿಲ್ಲ. ಆ ಮೂವರ ಮುಖ ನೋಡದೆ ಅವಳ ಚೀಲ ಎತ್ತಿಕೊಂಡು ಹೊರಬಂದೆ.

ಮನೆಯಲ್ಲಿ ಕೈಕಾಲು ತೊಳೆದುಕೊಂಡು ಬಂದವಳು ನೆಲದ ಮೇಲೆ ಬ್ಲಾಕ್‌ಗಳನ್ನು ಹರಡಿಕೊಂಡು ಕುಳಿತಳು. ಒಂದರ ಮೇಲೊಂದು ನಾಲ್ಕು ಇಟ್ಟು ಐದನೆಯದಕ್ಕೆ ಕೈ ಚಾಚಿದ್ದಳು. ನಾನು ಆ ಬ್ಲಾಕನ್ನು ಅವಳ ಕೈಯಿಂದ ತೆಗೆದುಕೊಂಡು, "ಇವತ್ತು ಯಾರನ್ನು ಕಚ್ಚಿದೆ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಬ್ಲಾಕ್ ನೋಡಿದಳು. ಉತ್ತರ ಬರಲಿಲ್ಲ. ಎತ್ತಿಕೊಂಡು ಹೋಗಿ ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಎರಡು ನಿಮಿಷ ಎಂದು ಲೆಕ್ಕ ಹಾಕಿಕೊಂಡಿದ್ದೆ. ಆ ಎರಡು ನಿಮಿಷವೂ ಅವಳು ಅತ್ತಳು. ಒಬ್ಬ ಜವಾಬ್ದಾರಿಯುತ ತಂದೆ ಮಾಡಬೇಕಾದದ್ದನ್ನು ಮಾಡಿದೆ ಎಂಬ ನೆಮ್ಮದಿಯಲ್ಲಿ ನಾನು ಅಡುಗೆಮನೆಗೆ ಹೋದೆ.

ಎರಡು ದಿನ ಕಳೆದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಮಗಳು ಬ್ಲಾಕ್‌ಗಳ ಬುಟ್ಟಿಯನ್ನು ಮುಟ್ಟುತ್ತಿಲ್ಲವಂತೆ. ಬೇರೆ ಮಕ್ಕಳು ಕಟ್ಟುವಾಗ ದೂರದಲ್ಲಿ ನಿಂತು ನೋಡುತ್ತಾಳಂತೆ. ಯಾಕೆ ಎಂದು ಕೇಳಿದರೆ, "ಅಪ್ಪನಿಗೆ ಕೋಪ ಬರುತ್ತದೆ" ಎಂದಳಂತೆ.

ಬೆಳಿಗ್ಗೆ ಹತ್ತು ಗಂಟೆಯ ಕಚ್ಚುವಿಕೆಗೂ ಸಂಜೆ ಏಳು ಗಂಟೆಯ ಮೂಲೆಗೂ ನಡುವೆ ಒಂದು ಊಟ, ಒಂದು ನಿದ್ದೆ, ಎರಡು ಹಾಡು, ಒಂದು ಮಳೆ, ಹತ್ತಾರು ಆಟಗಳು ಇದ್ದವು. ಎರಡೂವರೆ ವರ್ಷದ ಮಗುವಿಗೆ ಅಷ್ಟು ದೂರ ಹಿಂದಕ್ಕೆ ಹೋಗಿ ಕಾರಣವನ್ನು ಹೆಕ್ಕಿ ತರಲು ಆಗುವುದಿಲ್ಲ. ಶಿಕ್ಷೆ ಬಿದ್ದ ಕ್ಷಣದಲ್ಲಿ ಕೈಯಲ್ಲಿ ಏನಿತ್ತೋ ಅದೇ ಕಾರಣ. ನಾನು ಕಚ್ಚಬಾರದೆಂದು ಕಲಿಸಲು ಹೋದೆ, ಅವಳು ಕಟ್ಟಬಾರದೆಂದು ಕಲಿತಳು. ನಡವಳಿಕೆಯನ್ನು ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಕಂಡುಕೊಂಡ ವಿಷಯ ಇದು: ಕ್ರಿಯೆಗೂ ಅದರ ಪರಿಣಾಮಕ್ಕೂ ನಡುವೆ ಹೊತ್ತು ಹೆಚ್ಚಿದಷ್ಟೂ ಎರಡರ ನಂಟು ಸಡಿಲವಾಗುತ್ತದೆ. ಅದನ್ನು ನಾನು ಓದಿರಲಿಲ್ಲ ಎಂದಲ್ಲ. ಬಾಗಿಲ ಬಳಿ ನಾಲ್ಕು ಜನರ ಎದುರು ದೂರು ಕೇಳಿಸಿಕೊಂಡವನಿಗೆ ಓದಿದ್ದು ನೆನಪಾಗಲಿಲ್ಲ.

"ನಾನು ಹೇಳಿದ್ದು ನೀವು ಬೈಯಲಿ ಎಂದಲ್ಲ ಸರ್. ಅದು ಇಲ್ಲೇ ಮುಗಿದಿತ್ತು. ನಿಮಗೆ ಗೊತ್ತಿರಲಿ ಎಂದು ಹೇಳಿದೆ" ಎಂದರು ಅಕ್ಕ. ಅವರ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ "ಇಲ್ಲೇ ಮುಗಿದಿತ್ತು" ಎಂಬ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ.

ಹೇಗೆ ಮುಗಿದಿತ್ತು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಅಕ್ಕ ಮೊದಲು ಹೋದದ್ದು ಕಚ್ಚಿಸಿಕೊಂಡ ಮಗುವಿನ ಹತ್ತಿರ. ನನ್ನ ಮಗಳನ್ನು ಇನ್ನೊಂದು ಕೈಯಿಂದ ಪಕ್ಕದಲ್ಲಿಯೇ ಹಿಡಿದುಕೊಂಡಿದ್ದರು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಆ ಮಗುವಿನ ಕೈ ಮೇಲೆ ಇಟ್ಟು, "ನೋಡು, ನೋವಾಗಿದೆ" ಎಂದರು. ಕಚ್ಚಿದವಳ ಕಡೆ ತಿರುಗಿ, "ಕಚ್ಚಬಾರದು. ಬೇಕಾದರೆ 'ಕೊಡು' ಎನ್ನು" ಎಂದರು. ಅಷ್ಟೇ ಮಾತು. ಆಮೇಲೆ ಆ ಬಟ್ಟೆಯನ್ನು ಹಿಡಿದುಕೊಳ್ಳಲು ಅವಳಿಗೇ ಕೊಟ್ಟರು. ಹತ್ತೂಕಾಲಿಗೆ ಇಬ್ಬರೂ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದರು. ಮುಗಿದದ್ದು ಹಾಗೆ. ಒಂದು ಸಣ್ಣ ವಿಚಾರಣೆ, ಒಂದು ಸಣ್ಣ ಪಾಠ, ಒಂದು ಸಣ್ಣ ಪ್ರಾಯಶ್ಚಿತ್ತ, ಎಲ್ಲವೂ ಹದಿನೈದು ನಿಮಿಷದಲ್ಲಿ ನಡೆದುಹೋಗಿದ್ದವು. ನಾನು ಸಂಜೆ ಅದನ್ನು ಮತ್ತೆ ತೆರೆದು, ತೀರ್ಪು ಬಂದ ಮೊಕದ್ದಮೆಗೆ ಎರಡನೆಯ ಸಲ ಶಿಕ್ಷೆ ಕೊಟ್ಟಿದ್ದೆ.

ನಾನು ಬೆಳೆದದ್ದು "ಅಪ್ಪ ಬರಲಿ ತಾಳು, ಹೇಳುತ್ತೇನೆ" ಎಂಬ ಮಾತಿನಲ್ಲಿ. ಮಧ್ಯಾಹ್ನ ಮಾಡಿದ ತಪ್ಪಿನ ಲೆಕ್ಕ ಸಂಜೆಗೆ. ಅಷ್ಟು ಹೊತ್ತೂ ಹೊಟ್ಟೆಯಲ್ಲಿ ತಳಮಳ. ಅಪ್ಪನಿಗೂ ಅದು ಅನ್ಯಾಯವೇ ಆಗಿತ್ತು ಎಂದು ಈಗ ಅನ್ನಿಸುತ್ತದೆ. ದಣಿದು ಮನೆಗೆ ಬಂದ ಮನುಷ್ಯ ಚಪ್ಪಲಿ ಬಿಡುವ ಮೊದಲೇ ನ್ಯಾಯಾಧೀಶನಾಗಬೇಕಿತ್ತು, ತಾನು ನೋಡದೇ ಇದ್ದ ಅಪರಾಧಕ್ಕೆ. ಡೇ ಕೇರ್‌ನ ಬಾಗಿಲಲ್ಲಿ ಸಂಜೆಯ ವರದಿ ಕೇಳುವಾಗ ನಾನು ಅದೇ ಅಪ್ಪನ ಜಾಗದಲ್ಲಿ ಹೋಗಿ ನಿಂತಿದ್ದೆ. ಅಲ್ಲಿ ನಿಲ್ಲಲು ನನಗೆ ಯಾರೂ ಹೇಳಿರಲಿಲ್ಲ.

ಎಳೆಯ ಮಕ್ಕಳು ಕಚ್ಚುವುದು, ಹೊಡೆಯುವುದು, ಕಿತ್ತುಕೊಳ್ಳುವುದು ಕೆಟ್ಟ ಸಂಸ್ಕಾರದ ಗುರುತು ಎಂಬ ಭಯ ಪೋಷಕರಲ್ಲಿ ಎಷ್ಟು ಆಳವಾಗಿದೆ ಎಂದರೆ, ಸುದ್ದಿ ಕೇಳಿದ ತಕ್ಷಣ ನಾವು ಮಗುವನ್ನು ಮರೆತು ನಮ್ಮ ಮಾನದ ಬಗ್ಗೆ ಯೋಚಿಸತೊಡಗುತ್ತೇವೆ. ಕೆನಡಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನಗಳು ಈ ಭಯಕ್ಕೆ ಉತ್ತರ ಕೊಡುತ್ತವೆ. ಮನುಷ್ಯ ಅತಿ ಹೆಚ್ಚು ಸಲ ಕೈ ಎತ್ತುವುದು ಹದಿಹರೆಯದಲ್ಲಿ ಅಲ್ಲ, ಎರಡರಿಂದ ನಾಲ್ಕು ವರ್ಷದೊಳಗೆ. ಅಲ್ಲಿಂದ ಮುಂದೆ ಬಹುಪಾಲು ಮಕ್ಕಳಲ್ಲಿ ಅದು ಇಳಿಯುತ್ತ ಹೋಗುತ್ತದೆ. ಎಂದರೆ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಕಲಿಸಬೇಕಾದದ್ದು ಹೊಡೆಯದೇ ಇರುವುದನ್ನು. ಅದಕ್ಕೆ ಬೇಕಾದ ಮಾತು ಆಗ ತಾನೇ ಬಾಯಿಗೆ ಬರುತ್ತಿರುತ್ತದೆ. ಮನಸ್ಸನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗವಂತೂ ಪೂರ್ತಿ ಬಲಿಯುವುದು 20 ವರ್ಷ ದಾಟಿದ ಮೇಲೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಹಿರಿಯರು ಎಚ್ಚರಿಸುತ್ತಾರೆ, ಅದು ನಿಜ. ಆದರೆ ಗಿಡಕ್ಕೂ ಮೊದಲು ಮೊಳಕೆ ಎಂಬ ಒಂದು ಅವಸ್ಥೆ ಇದೆ. ಮೊಳಕೆಯನ್ನು ಬಗ್ಗಿಸಿದರೆ ಅದು ಮುರಿಯುತ್ತದೆ.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಮಗಳನ್ನು ಸೇರಿಸಿದ ದಿನ ನಾನೇ ಅಕ್ಕನಿಗೆ, "ಮಾತು ಕೇಳದಿದ್ದರೆ ಒಂದೇಟು ಹಾಕಿ, ನಾವೇನೂ ಅಂದುಕೊಳ್ಳುವುದಿಲ್ಲ" ಎಂದಿದ್ದೆ. ವಿಶ್ವಾಸ ತೋರಿಸಲು ಆಡಿದ ಮಾತು ಅದು. ನಿಮ್ಮನ್ನು ಮನೆಯವರಂತೆ ನೋಡುತ್ತೇನೆ ಎಂಬ ಅರ್ಥದಲ್ಲಿ. ಅವರು ನಗಲಿಲ್ಲ. "ಬೇಡ ಸರ್, ಆ ಅನುಮತಿ ನನಗೆ ಬೇಡ" ಎಂದರು. ಆಗ ನನಗೆ ಅದು ಸ್ವಲ್ಪ ಒರಟಾಗಿ ಕಂಡಿತು. ಈಗ ಯೋಚಿಸಿದರೆ, ನನ್ನ ಮಗಳ ಪರವಾಗಿ ಆ ದಿನ ಅಲ್ಲಿ ಮಾತನಾಡಿದವರು ಅವರೊಬ್ಬರೇ.

ಏಕೆಂದರೆ ಆ ಅನುಮತಿ ಕೊಡಲು ನನ್ನ ಬಳಿ ಇರಲೇ ಇಲ್ಲ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಮಗುವನ್ನು ಬೆಳೆಸುವ ಮೊದಲ ಹೊಣೆ ತಂದೆತಾಯಿಯರಿಬ್ಬರದೂ ಎನ್ನುತ್ತದೆ. ದುಡಿಯುವ ಪೋಷಕರ ಮಕ್ಕಳಿಗೆ ಆರೈಕೆಯ ಸೌಲಭ್ಯ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕೆಂದೂ ಅದೇ ವಿಧಿ ಹೇಳುತ್ತದೆ. ಹೊಣೆಯನ್ನು ಹಂಚಿಕೊಳ್ಳುವ ಮಾತು ಅಲ್ಲೇ ಇದೆ. ಮುಂದಿನ 19ನೇ ವಿಧಿ ಮಗುವನ್ನು ಎಲ್ಲ ಬಗೆಯ ಹಿಂಸೆಯಿಂದ ಕಾಪಾಡಬೇಕು ಎನ್ನುವಾಗ ತಂದೆತಾಯಿ, ಪಾಲಕರು, ಮಗುವಿನ ಆರೈಕೆ ಹೊತ್ತ ಬೇರೆ ಯಾರೇ ಆಗಲಿ, ಎಲ್ಲರನ್ನೂ ಒಂದೇ ವಾಕ್ಯದಲ್ಲಿ ನಿಲ್ಲಿಸುತ್ತದೆ. ಅಪ್ಪನಿಗೊಂದು ರಿಯಾಯಿತಿ, ಅಕ್ಕನಿಗೊಂದು ಕಟ್ಟುಪಾಡು ಎಂದಿಲ್ಲ. ಮನೆಯೊಳಗೂ ಮಕ್ಕಳನ್ನು ಹೊಡೆಯಬಾರದೆಂದು ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, ಅದು 1979ರಲ್ಲಿ. ಸಂಶೋಧಕರಾದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ, ಮಕ್ಕಳಿಗೆ ಏಟು ಕೊಡುವುದರ ಬಗ್ಗೆ ನಡೆದ ಐದು ದಶಕಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಅದರಲ್ಲಿತ್ತು. ಏಟಿನ ಜೊತೆ ಹೆಣೆದುಕೊಂಡು ಬಂದದ್ದು ಹೆಚ್ಚು ಹಟ, ಹೆಚ್ಚು ಆಕ್ರಮಣ, ಹೆಚ್ಚು ಮನೋವೇದನೆ. ವಿಧೇಯತೆ ಬಂದದ್ದು ಕಾಣಲಿಲ್ಲ. "ದಂಡಂ ದಶಗುಣಂ" ಎಂದು ನಾವು ಹೇಳಿಕೊಂಡು ಬಂದ ಹತ್ತು ಗುಣಗಳಲ್ಲಿ ಒಂದನ್ನೂ ನಾನು ಆ ಪಟ್ಟಿಯಲ್ಲಿ ಕಾಣಲಿಲ್ಲ.

ಬ್ಲಾಕ್ ವಿಷಯ ತಿಳಿದ ವಾರ ಅಕ್ಕ ಇನ್ನೊಂದು ಪ್ರಶ್ನೆ ಕೇಳಿದ್ದರು. "ಮನೆಯಲ್ಲಿ ಏನಾದರೂ ಬದಲಾಗಿದೆಯೇ ಸರ್? ಒಂದು ವಾರದಿಂದ ಬೇರೆ ಥರ ಇದ್ದಾಳೆ." ನಾನು "ಏನೂ ಇಲ್ಲ" ಎಂದೆ.

ಆದರೆ ಬದಲಾಗಿತ್ತು. ನನ್ನ ಹೆಂಡತಿ ತನ್ನ ತಾಯಿಯನ್ನು ನೋಡಿಕೊಳ್ಳಲು ಆಸ್ಪತ್ರೆಯಲ್ಲಿದ್ದಳು. ಮಗಳು ಕಚ್ಚಿದ್ದು ಅಮ್ಮ ಮನೆಯಲ್ಲಿ ಇಲ್ಲದ ನಾಲ್ಕನೆಯ ದಿನ. ರಾತ್ರಿ ಮೂರು ಸಲ ಏಳುತ್ತಿದ್ದಳು, ಬಾಗಿಲು ಸದ್ದಾದರೆ ಓಡುತ್ತಿದ್ದಳು. ಇದನ್ನೆಲ್ಲ ನಾನು ಡೇ ಕೇರ್‌ನಲ್ಲಿ ಹೇಳಿರಲಿಲ್ಲ. ಮನೆಯ ವಿಷಯ ಮನೆಯಲ್ಲಿ ಇರಲಿ ಎಂಬ ಅಭ್ಯಾಸ. ಒಬ್ಬನೇ ನಿಭಾಯಿಸುತ್ತಿದ್ದೇನೆ ಎಂದು ತೋರಿಸಿಕೊಳ್ಳುವ ಹಂಬಲವೂ ಸೇರಿತ್ತು. ಅತ್ತ ಅಕ್ಕ ತಮ್ಮ ಕೋಣೆಯಲ್ಲಿಯೇ ಕಾರಣ ಹುಡುಕುತ್ತಿದ್ದರು. ಹೊಸದಾಗಿ ಸೇರಿದ ಮಗುವಿನಿಂದಲೇ? ಮಲಗುವ ಜಾಗ ಬದಲಿಸಿದ್ದರಿಂದಲೇ? ತಾವು ಏನಾದರೂ ಗಮನಿಸದೆ ಹೋದೆವೇ? ಕಾರಣ ನನ್ನ ಜೇಬಿನಲ್ಲಿತ್ತು. ಅದನ್ನು ಒಳಗೇ ಇಟ್ಟುಕೊಂಡು, ಅವರಿಂದ ಮಗಳ ನಡವಳಿಕೆಯ ವರದಿಯನ್ನು ಮಾತ್ರ ಪಡೆದುಕೊಂಡು ಬರುತ್ತಿದ್ದೆ. ಹತ್ತು ದಿನ ಕಳೆದು, ಹೆಂಡತಿ ವಾಪಸು ಬಂದು ಮಗಳನ್ನು ಬಿಡಲು ಹೋದಾಗ ಮಾತಿನ ನಡುವೆ ಆಸ್ಪತ್ರೆಯ ವಿಷಯ ಬಂತು. ಅಕ್ಕ ನನಗೆ ಏನೂ ಅನ್ನಲಿಲ್ಲ. ಮಗಳನ್ನು ಎತ್ತಿಕೊಂಡು, "ಅಮ್ಮ ಬೇಕಾಗಿತ್ತಾ ಬಂಗಾರಿ ನಿನಗೆ?" ಎಂದರಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಒಂದು ಮಾತು ಮೊದಲೇ ಹೇಳಿದ್ದರೆ ಅವಳನ್ನು ಹತ್ತು ದಿನ ಮುಂಚೆಯೇ ಯಾರೋ ಹಾಗೆ ಎತ್ತಿಕೊಳ್ಳುತ್ತಿದ್ದರು.

ಮಗುವಿನ ಲೋಕ ಮನೆ ಮತ್ತು ಮನೆಯ ಹೊರಗು ಎಂದು ಎರಡಾಗಿ ಒಡೆದು ಹೋಗಿರುವುದಿಲ್ಲ. ಯೂರಿ ಬ್ರಾನ್‌ಫೆನ್‌ಬ್ರೆನ್ನರ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದ ಕೊನೆಯಲ್ಲಿ ಇದನ್ನೇ ಸಿದ್ಧಾಂತವಾಗಿ ಮುಂದಿಟ್ಟರು. ಮಗು ಬದುಕುವ ಜಾಗಗಳಷ್ಟೇ ಮುಖ್ಯವಾದದ್ದು ಆ ಜಾಗಗಳ ನಡುವಿನ ಸಂಬಂಧ. ಮನೆ ಚೆನ್ನಾಗಿದ್ದು, ಆರೈಕೆ ಕೇಂದ್ರವೂ ಚೆನ್ನಾಗಿದ್ದು, ಅವೆರಡರ ನಡುವೆ ಮಾತು ಸತ್ತುಹೋಗಿದ್ದರೆ ಅದರ ಭಾರ ಹೊರುವುದು ಮಗು. ಸಂಜೆಯ ಬಾಗಿಲಲ್ಲಿ ನಾವು ನಿಲ್ಲುವ ಆ ಎರಡು ನಿಮಿಷಕ್ಕೆ ಎಷ್ಟು ತೂಕ ಇದೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಆ ಬಾಗಿಲಲ್ಲಿ ಎರಡೂ ಕಡೆಯವರನ್ನು ನೋಯಿಸುವ ಒಂದು ಮಾತಿದೆ. "ನಮ್ಮಲ್ಲಿ ಹಾಗೆ ಮಾಡುವುದಿಲ್ಲವಲ್ಲ!" ಅಕ್ಕ ಹೇಳಿದರೆ ಪೋಷಕರಿಗೆ ಅದು ಕೇಳಿಸುವುದು 'ನಿಮಗೆ ಮಗು ಬೆಳೆಸಲು ಬರುವುದಿಲ್ಲ' ಎಂದು. ಪೋಷಕರು ಹೇಳಿದರೆ ಅಕ್ಕನಿಗೆ ಕೇಳಿಸುವುದು 'ನೀವೇ ಏನೋ ಮಾಡಿದ್ದೀರಿ' ಎಂದು. ನನ್ನ ಮಗಳು ಡೇ ಕೇರ್‌ನಲ್ಲಿ ತಾನೇ ತಟ್ಟೆ ಎತ್ತಿಡುತ್ತಾಳೆ, ಸಾಲಿನಲ್ಲಿ ನಿಲ್ಲುತ್ತಾಳೆ, ಕರೆದರೆ ಬರುತ್ತಾಳೆ. ಮನೆಯ ಹೊಸ್ತಿಲು ದಾಟಿದ ಕೂಡಲೇ ಚಪ್ಪಲಿ ಬಿಚ್ಚುವುದಕ್ಕೂ ನೆಲದ ಮೇಲೆ ಬಿದ್ದು ಅಳುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಅವಳನ್ನು ನೋಡಿಯೇ ಹುಟ್ಟಿತೇನೋ ಎಂದು ನನ್ನ ತಾಯಿ ಫೋನಿನಲ್ಲಿ ಹೇಳಿದ್ದರು. ನಾನು ಇದನ್ನು ನನ್ನ ಸೋಲು ಎಂದೇ ತಿಳಿದಿದ್ದೆ. ಸಾರಾ ವಾಟಮುರಾ, ಮೇಗನ್ ಗನ್ನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ ಸ್ವಲ್ಪ ಸಮಾಧಾನವಾಯಿತು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸಾಮಾನ್ಯವಾಗಿ ಬೆಳಿಗ್ಗೆ ಹೆಚ್ಚಿದ್ದು ಹೊತ್ತು ಏರಿದಂತೆ ಇಳಿಯುತ್ತದೆ. ಮನೆಯಲ್ಲಿ ಕಳೆದ ದಿನಗಳಲ್ಲಿ ಬಹಳ ಎಳೆಯರಲ್ಲೂ ಹಾಗೆಯೇ. ಆದರೆ ಆರೈಕೆ ಕೇಂದ್ರದಲ್ಲಿ ಕಳೆದ ದಿನಗಳಲ್ಲಿ ಅನೇಕ ಎಳೆಯರಲ್ಲಿ ಅದು ಮಧ್ಯಾಹ್ನದ ಹೊತ್ತಿಗೆ ಏರಿತ್ತು. ಅಷ್ಟೊಂದು ಮಕ್ಕಳ ನಡುವೆ ದಿನವಿಡೀ ಇರುವುದು, ಕಾಯುವುದು, ಹಂಚಿಕೊಳ್ಳುವುದು ಅವರಿಗೆ ನಿಜವಾದ ದುಡಿಮೆ. ದುಡಿದು ಬಂದ ಮಗು ತನಗೆ ಅತ್ಯಂತ ಭದ್ರವೆನಿಸಿದ ಜಾಗದಲ್ಲಿ ಕುಸಿಯುತ್ತದೆ. ಸಂಜೆ ಏಳು ಗಂಟೆಗೆ ಅವಳಿಗೆ ಬೇಕಾಗಿರುವುದು ಮಡಿಲು. ನಾನು ಆ ಹೊತ್ತಿನಲ್ಲಿ ವಿಚಾರಣೆ ನಡೆಸುತ್ತಿದ್ದೆ.

ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದ ಹೊತ್ತಿನಲ್ಲಿ, ನಾನೂ ಹೆಂಡತಿಯೂ ಅರ್ಧ ದಿನ ರಜೆ ಹಾಕಿ ಹೋಗಿ ಅಕ್ಕನ ಎದುರು ಕುಳಿತೆವು. ಪುಟ್ಟ ಕುರ್ಚಿಗಳು, ಪಿಸುಮಾತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಆಗಬಾರದು, ಮನೆಯಲ್ಲೂ ಇಲ್ಲೂ ಒಂದೇ ನಿಯಮ ಇರಲಿ ಎಂದು ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅಕ್ಕ ಅದನ್ನು ಪೂರ್ತಿ ಓದಿ, "ಇಷ್ಟೆಲ್ಲ ಬೇಕಾಗಿಲ್ಲ ಸರ್" ಎಂದರು. ಇಲ್ಲಿ ಊಟ ಮುಗಿಯುವವರೆಗೆ ಏಳುವಂತಿಲ್ಲ, ಏಕೆಂದರೆ ಎಂಟು ಮಕ್ಕಳು ಒಟ್ಟಿಗೆ ಎದ್ದರೆ ನೋಡಿಕೊಳ್ಳಲಾಗುವುದಿಲ್ಲ. ಮನೆಯಲ್ಲಿ ಅವಳು ನಡುವೆ ಎದ್ದು ಒಂದು ಸುತ್ತು ಓಡಿಬಂದರೆ ಏನೂ ಆಗುವುದಿಲ್ಲ. ಇಲ್ಲಿ ಇದು ಸರಿ, ಅಲ್ಲಿ ಅದು ಸರಿ ಎಂದು ಮಕ್ಕಳು ಬೇಗ ಕಲಿಯುತ್ತಾರೆ. ಅಜ್ಜಿಯ ಹತ್ತಿರ ಹೇಗೆ, ಅಪ್ಪನ ಹತ್ತಿರ ಹೇಗೆ ಎಂದು ಕಲಿತ ಹಾಗೆ. "ಆದರೆ ಕೆಲವು ವಿಷಯಗಳು ಬದಲಾಗಬಾರದು" ಎಂದು ಅವರು ಬೆರಳು ಮಡಚಿದರು. ಹೊಡೆಯುವುದಿಲ್ಲ, ಹೆದರಿಸುವುದಿಲ್ಲ. ಊಟವನ್ನು ಶಿಕ್ಷೆಯಾಗಿಯೋ ಲಂಚವಾಗಿಯೋ ಬಳಸುವುದಿಲ್ಲ. "ನೀನು ಹೀಗೆ ಮಾಡಿದರೆ ಅಪ್ಪ ಕರೆದುಕೊಂಡು ಹೋಗಲು ಬರುವುದಿಲ್ಲ" ಎಂದು ಇಲ್ಲಿ ಅನ್ನುವುದಿಲ್ಲ, "ನೀನು ಹೀಗೆ ಮಾಡಿದರೆ ಅಕ್ಕನ ಹತ್ತಿರ ಬಿಟ್ಟು ಬರುತ್ತೇನೆ" ಎಂದು ಅಲ್ಲಿ ಅನ್ನಬಾರದು.

ಕೊನೆಯ ಮಾತು ಕೇಳಿ ಹೆಂಡತಿ ನನ್ನ ಮುಖ ನೋಡಿದಳು. ಇಬ್ಬರೂ ಅದನ್ನು ಹೇಳಿದ್ದೆವು. ಮಗು ದಿನಕ್ಕೆ ಒಂಬತ್ತು ಗಂಟೆ ಕಳೆಯುವ ಜಾಗವನ್ನು, ಅದನ್ನು ನೋಡಿಕೊಳ್ಳುವ ವ್ಯಕ್ತಿಯನ್ನು ನಾವು ಗುಮ್ಮನನ್ನಾಗಿ ಮಾಡಿದ್ದೆವು. ಆಮೇಲೆ ಬೆಳಿಗ್ಗೆ ಬಾಗಿಲಲ್ಲಿ ಅವಳು ಅಳುತ್ತಾಳೆ ಎಂದು ಚಿಂತಿಸುತ್ತಿದ್ದೆವು.

ನಮ್ಮ ಭಾಷೆಯಲ್ಲಿ ತಿದ್ದುವುದು ಎಂಬ ಮಾತಿಗೆ ಎರಡು ಬಳಕೆ ಇದೆ. ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಅಕ್ಷರ ಕಲಿಯುವ ಮಗು, ದೊಡ್ಡವರು ಬರೆದುಕೊಟ್ಟ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸುವುದೂ ತಿದ್ದುವುದೇ. ಆ ಮಧ್ಯಾಹ್ನ ನನಗೆ ಎರಡನೆಯ ಅರ್ಥ ಮೊದಲ ಸಲ ಮಗುವಿನ ನಡತೆಯ ವಿಷಯದಲ್ಲಿ ಹೊಳೆಯಿತು. ಅಕ್ಕ ಹೇಳಿದ "ಬೇಕಾದರೆ 'ಕೊಡು' ಎನ್ನು" ಎಂಬುದು ಒಂದು ಅಕ್ಷರ. ಅದನ್ನು ಅವರು ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ನಾನು ಮಾಡಬೇಕಾದದ್ದು ಅದೇ ಗೆರೆಯ ಮೇಲೆ ಅವಳ ಕೈ ಹಿಡಿದು ಆಡಿಸುವುದು. ಕಚ್ಚಿದ್ದನ್ನು ನೆನಪಿಸಿ ಬೈಯುವ ಬದಲು, ನಾನೇ ಅವಳ ಚೆಂಡು ಬೇಕೆಂದು ಕೈ ಚಾಚಿ "ಕೊಡು" ಎನ್ನುವುದು, ಅವಳು "ಕೊಡು" ಎಂದಾಗ ಕೊಡುವುದು, ಒಮ್ಮೊಮ್ಮೆ "ಸ್ವಲ್ಪ ತಾಳು" ಎಂದು ಕಾಯಿಸುವುದು. ತಪ್ಪು ನಡೆದಾಗ ಅಲ್ಲಿ ಇದ್ದವರು ಅದನ್ನು ಮುಗಿಸಬೇಕು. ಇಲ್ಲದವರಿಗೆ ಉಳಿಯುವ ಕೆಲಸ ಇದು, ಇದೇನೂ ಸಣ್ಣದಲ್ಲ. ಅಕ್ಕನ ಹತ್ತಿರ ಎಂಟು ಮಕ್ಕಳಿದ್ದಾರೆ, ಅವರಿಗೆ ಒಂದು ಸಲ ಬರೆದುಕೊಡುವಷ್ಟು ಹೊತ್ತು ಸಿಗುತ್ತದೆ. ನೂರು ಸಲ ತಿದ್ದಿಸಲು ನನಗೆ ಒಬ್ಬಳೇ ಮಗಳು.

ಎಂಟು ಮಕ್ಕಳು, ಎರಡು ಕೈ. ಒಂದು ಮಗುವಿನ ಜೊತೆ ಒಂದು ಭಾನುವಾರ ಕಳೆಯುವಷ್ಟರಲ್ಲಿ ನಮ್ಮ ತಾಳ್ಮೆ ಮುಗಿಯುತ್ತದೆ. ವಾರಕ್ಕೆ ಐದೋ ಆರೋ ದಿನ, ಕಡಿಮೆ ಸಂಬಳಕ್ಕೆ, ಬೇರೆಯವರ ಮಕ್ಕಳ ಮೇಲೆ ಅದೇ ತಾಳ್ಮೆಯನ್ನು ಅಕ್ಕ ತೋರಿಸಬೇಕೆಂದು ನಾವು ಬಯಸುತ್ತೇವೆ. ಬಯಸುವುದು ತಪ್ಪಲ್ಲ. ಆದರೆ ಅವರು ಒಂದು ಮಾತು ಹೇಳಿದ ತಕ್ಷಣ ಮುಖ ಗಂಟು ಹಾಕಿಕೊಂಡರೆ ಮರುದಿನದಿಂದ ಅವರು ಹೇಳುವುದನ್ನು ನಿಲ್ಲಿಸುತ್ತಾರೆ. ಇಲ್ಲವೇ, ಮಗುವನ್ನು ಇಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲ್ಲಿಯಮ್ 2005ರಲ್ಲಿ ಅಲ್ಲಿನ 40 ರಾಜ್ಯಗಳ ಸರ್ಕಾರಿ ಶಾಲಾಪೂರ್ವ ತರಗತಿಗಳನ್ನು ನೋಡಿದಾಗ, ಶಿಶುವಿಹಾರದಿಂದ 12ನೇ ತರಗತಿವರೆಗಿನ ಮಕ್ಕಳಿಗಿಂತ 3 ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಈ ಪುಟಾಣಿಗಳನ್ನು ನಡವಳಿಕೆಯ ಕಾರಣಕ್ಕೆ ಹೊರಹಾಕಿದ್ದು ಕಂಡಿತು. ಮೂರು, ನಾಲ್ಕು ವರ್ಷದ ಮಕ್ಕಳನ್ನು! ಮಕ್ಕಳ ಮನಸ್ಸನ್ನು ಬಲ್ಲ ಸಲಹೆಗಾರರು ಶಿಕ್ಷಕಿಯರ ಬೆನ್ನಿಗೆ ಇದ್ದ ಕಡೆ ಅದು ಕಡಿಮೆ ಇತ್ತು. ಒಬ್ಬರೇ ಹೊತ್ತಾಗ ಭಾರ ತಡೆಯಲಾರದೆ ಕೆಳಗಿಡುತ್ತಾರೆ. ಕೆಳಗೆ ಬೀಳುವುದು ಒಂದು ಮಗು.

ಇದರ ಅರ್ಥ ಅಕ್ಕಂದಿರು ಮಾಡಿದ್ದೆಲ್ಲ ಸರಿ ಎಂದಲ್ಲ. ನಾನೂ ಒಮ್ಮೆ ಎದುರು ಮಾತನಾಡಬೇಕಾಯಿತು. ಅಲ್ಲಿ ಸಹಾಯಕ್ಕೆ ಇದ್ದ ಇನ್ನೊಬ್ಬರು ಮಗಳನ್ನು "ಬಂದಳು ನೋಡಿ ಕಚ್ಚುವ ಹುಡುಗಿ" ಎಂದು ಕರೆದದ್ದು ನನ್ನ ಕಿವಿಗೆ ಬಿತ್ತು. ಪ್ರೀತಿಯಿಂದಲೇ ಹೇಳಿದ್ದು, ನಗುತ್ತಲೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯೇ, ಮಗಳ ಎದುರಿಗೇ ಕೇಳಿಬಿಡೋಣ ಎನ್ನಿಸಿತ್ತು. ಕೇಳಲಿಲ್ಲ. ತನ್ನನ್ನು ನೋಡಿಕೊಳ್ಳುವವರನ್ನು ಅಪ್ಪ ಗದರಿಸುವುದನ್ನು ಕಂಡ ಮಗು ಆ ಮೇಲೆ ಇಡೀ ದಿನ ಅವರ ಕೈಯಲ್ಲಿ ಇರಬೇಕಲ್ಲವೇ? ರಾತ್ರಿ ಅಕ್ಕನಿಗೆ ಫೋನ್ ಮಾಡಿ, ಮಗು ಮಾಡಿದ ಕೆಲಸಕ್ಕೆ ಹೆಸರಿಡಿ, ಮಗುವಿಗೇ ಆ ಹೆಸರಿಡಬೇಡಿ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ "ಸರಿ ಸರ್, ನಾನು ಮಾತಾಡುತ್ತೇನೆ" ಎಂದರು. ಮತ್ತೆ ಆ ಮಾತು ಕೇಳಿಸಲಿಲ್ಲ. ಆದರೂ ಒಂದು ವಾರ ನಮ್ಮಿಬ್ಬರ ನಡುವೆ ಒಂದು ಬಿಗಿತ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನಂಬಿಕೆ ಎಂದರೆ ಬಿಗಿತವೇ ಇಲ್ಲದ ಸ್ಥಿತಿ ಎಂದು ನಾನು ಈಗ ತಿಳಿದಿಲ್ಲ. ಬಿಗಿತ ಇದ್ದ ವಾರದಲ್ಲೂ ಅವರು ಮಗಳನ್ನು ಎಂದಿನಂತೆ ಎರಡೂ ಕೈ ಚಾಚಿ ಎತ್ತಿಕೊಂಡರು.

ಇನ್ನೊಂದು ಸಲ ಅವಳೇ ಕಚ್ಚಿಸಿಕೊಂಡು ಬಂದಳು. ತೋಳಿನ ಮೇಲೆ ಅರ್ಧಚಂದ್ರದಂತೆ ಕೆಂಪು ಗುರುತು. "ಯಾರು?" ಎಂದು ಕೇಳಿದೆ. ಅಕ್ಕ ಎಷ್ಟು ಹೊತ್ತಿಗೆ, ಯಾವ ಆಟದಲ್ಲಿ, ತಾವು ಏನು ಮಾಡಿದೆವು ಎಂದೆಲ್ಲ ಹೇಳಿದರು, ಹೆಸರು ಮಾತ್ರ ಹೇಳಲಿಲ್ಲ. ನನ್ನೊಳಗೆ ಸಿಟ್ಟು ಏರುತ್ತಿತ್ತು. ನನ್ನ ಮಗಳಿಗೆ ನೋವು ಮಾಡಿದವರು ಯಾರೆಂದು ತಿಳಿಯುವ ಹಕ್ಕು ನನಗಿಲ್ಲವೇ? ಆಗ ನೆನಪಾಯಿತು. ಅವಳು ಕಚ್ಚಿದ ದಿನ ನನ್ನ ಹಿಂದೆ ನಿಂತಿದ್ದ ಮೂವರಲ್ಲಿ ಒಬ್ಬರು ಆ ಮಗುವಿನ ತಾಯಿಯೋ ತಂದೆಯೋ ಆಗಿದ್ದಿರಬಹುದು. ಅವರೂ ಇದೇ ಪ್ರಶ್ನೆ ಕೇಳಿದ್ದಿರಬಹುದು. ಮರುದಿನ ಬೆಳಿಗ್ಗೆ ಅವರು ನನ್ನ ಮಗಳನ್ನು ನೋಡಿ ನಕ್ಕದ್ದು ಅಕ್ಕ ಅವಳ ಹೆಸರನ್ನು ಕಾಪಾಡಿದ್ದರಿಂದ. ನಾನು ಮತ್ತೆ ಕೇಳಲಿಲ್ಲ.

ಇಂಥ ಕೇಂದ್ರಗಳಲ್ಲಿ ಹೆಚ್ಚು ಹೊತ್ತು ಬಿಡುವುದರಿಂದಲೇ ಮಕ್ಕಳು ಹೀಗಾಗುತ್ತಾರೆ ಎಂಬ ಮಾತನ್ನು ನಮಗೆ ಹೇಳಿದವರಿಗೆ ಲೆಕ್ಕವಿಲ್ಲ. ಹೆಂಡತಿಗೆ ಹೇಳಿದಷ್ಟು ನನಗೆ ಹೇಳಿಲ್ಲ, ಅದೂ ಒಂದು ಅನ್ಯಾಯ. ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿತು. ಹೆಚ್ಚು ಗಂಟೆ ಹೊರಗೆ ಕಳೆದ ಮಕ್ಕಳಲ್ಲಿ ತಂಟೆ ಸ್ವಲ್ಪ ಹೆಚ್ಚೆಂದು ಅದರಲ್ಲಿ ಕಂಡದ್ದು ನಿಜ, ಅದು ಸಣ್ಣ ಪ್ರಮಾಣದಲ್ಲಿ. ಮಗುವಿನ ಬೆಳವಣಿಗೆಯೊಂದಿಗೆ ಅದಕ್ಕಿಂತ ಗಟ್ಟಿಯಾಗಿ ಕೂಡಿಕೊಂಡಿದ್ದುದು ಮನೆ, ತಂದೆತಾಯಿಯರ ವರ್ತನೆ. ಆದ್ದರಿಂದ ಒಂಬತ್ತು ಗಂಟೆ ಅಲ್ಲಿ ಬಿಟ್ಟರೂ ನಮ್ಮ ಪಾಲು ನಮ್ಮದೇ. ಅದನ್ನು ಶುಲ್ಕದ ಜೊತೆ ಕಟ್ಟಿ ಬರಲಾಗುವುದಿಲ್ಲ.

ಈಗ ಸಂಜೆಯ ಬಾಗಿಲಲ್ಲಿ ಅಕ್ಕ ಏನಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಅದಕ್ಕೂ ಮೊದಲು ಏನು ನಡೆದಿತ್ತು? ಅಲ್ಲೇ ಮುಗಿಯಿತೇ? ಮುಗಿಯಿತು ಎಂದರೆ ಮನೆಯಲ್ಲಿ ಅದರ ಮಾತು ಎತ್ತುವುದಿಲ್ಲ. ಬೆಳಿಗ್ಗೆ ಬಿಡುವಾಗ ನಾನೂ ಒಂದು ವಾಕ್ಯ ಹೇಳುತ್ತೇನೆ: ರಾತ್ರಿ ನಿದ್ದೆ ಸರಿಯಾಗಿಲ್ಲ, ಇವತ್ತು ಅಮ್ಮ ತಡವಾಗಿ ಬರುತ್ತಾಳೆ, ನಿನ್ನೆ ನಾನು ಅವಳ ಮೇಲೆ ರೇಗಿದೆ. ಕೊನೆಯದನ್ನು ಹೇಳಲು ಬಹಳ ದಿನ ಬೇಕಾಯಿತು.

ಹೋದ ಭಾನುವಾರ ಮಗಳು ಗೊಂಬೆ ಮತ್ತು ಕರಡಿಯ ಜೊತೆ ಆಡುತ್ತಿದ್ದಳು. ಗೊಂಬೆ ಕರಡಿಯನ್ನು ಕಚ್ಚಿತು. ಅವಳು ಮೊದಲು ಕರಡಿಯ ಹತ್ತಿರ ಹೋಗಿ ಒಂದು ಕರವಸ್ತ್ರವನ್ನು ಅದರ ಕೈ ಮೇಲೆ ಇಟ್ಟು, "ನೋವಾಗಿದೆ" ಎಂದಳು. ಆಮೇಲೆ ಗೊಂಬೆಯ ಕಡೆ ತಿರುಗಿ, "ಬೇಕಾದರೆ ಕೊಡು ಎನ್ನು" ಎಂದಳು. ಅದು ಅಕ್ಕನದೇ ಧ್ವನಿ, ಅದೇ ಮೆಲ್ಲನೆಯ ಏರಿಳಿತ. ನಾನು ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಗೊಂಬೆಯನ್ನು ಎತ್ತಿಕೊಂಡು ಎದ್ದಳು. ಮೂಲೆಗೆ ನಡೆದುಹೋಗಿ, ಗೋಡೆಯ ಕಡೆ ಅದರ ಮುಖ ತಿರುಗಿಸಿ ಕೂರಿಸಿ, ಬ್ಲಾಕ್‌ಗಳ ಹತ್ತಿರ ವಾಪಸು ಬಂದಳು.

ನಾನು ಹೋಗಿ ಆ ಮೂಲೆಯಲ್ಲಿ, ಗೊಂಬೆಯ ಪಕ್ಕದಲ್ಲಿ ಕುಳಿತುಕೊಂಡೆ.